ಹಕ್ಕಿ ತಿಂದ ಕೆಸರು

ನಾಲ್ಕನೆಯ ಏರು, ಮೂವತ್ತೆರಡನೆಯ ವರ್ಷ, ಪುಷ್ಯಮಾಸ.

ನಮಗಿಂತ ಬಹಳ ಹಿಂದೆ ಈ ಹೊಳೆಬಾಯಿಯಲ್ಲಿ ಬದುಕಿದ್ದ ಹಿರಿಯರಿಗೆ ಹೊನ್ನಮ್ಮ ಮಾಡುವ ನಮಸ್ಕಾರ. ಮೇಲಿನ ತಾರೀಖು ಅರ್ಥವಾಗದಿದ್ದರೆ ಮನ್ನಿಸಬೇಕು. ಕಡಲು ಮೇಲೇರಿ ಊರನ್ನು ಇನ್ನೊಂದು ಗುಡ್ಡಕ್ಕೆ ಅಟ್ಟಿದಾಗಲೆಲ್ಲ ನಾವು ವರ್ಷಗಳನ್ನು ಮತ್ತೆ ಒಂದರಿಂದ ಎಣಿಸುತ್ತೇವೆ. ನನ್ನ ಕನ್ನಡವೂ ನಿಮ್ಮ ಕಿವಿಗೆ ಒರಟಾಗಿ ಕೇಳಬಹುದು.

ನಮ್ಮ ಊಟ ಕೆಸರಿನದು. ಗದ್ದೆಗಳು ಉಪ್ಪಾದ ಮೇಲೆ, ನೀರು ಇಳಿದ ಹೊತ್ತಿಗೆ ಹೊಳೆಬಾಯಿಗೆ ಹೋಗಿ ಬಳಚು ಎಂಬ ಚಿಪ್ಪುಮೀನನ್ನು ಹೆಕ್ಕಿ ತಂದು ಬೇಯಿಸುತ್ತೇವೆ. ಆದರೆ ನೀವು ಹೊಳೆಗೆ ಬಿಟ್ಟ ವಿಷ ಇನ್ನೂ ಕೆಸರಿನಡಿ ಇದೆ, ಪ್ರತಿ ಮಳೆಗಾಲವೂ ಜಾಗ ಬದಲಿಸುತ್ತದೆ. ಕಣ್ಣಿಗೆ ಕಾಣದು, ಮೂಗಿಗೆ ಹತ್ತದು. ಅದನ್ನು ಅರಿಯುತ್ತಿದ್ದದ್ದು ಅಂಚುಗಾಲಿ. ಅಲೆಯ ಅಂಚಿನಲ್ಲಿ ಪುಟುಪುಟು ಓಡುತ್ತ ಕೊಕ್ಕಿನಿಂದ ಕೆಸರು ಕೆದಕುವ, ಗುಬ್ಬಿಗಾತ್ರದ ವಲಸೆ ಹಕ್ಕಿಗೆ ನಾವಿಟ್ಟ ಹೆಸರು ಅದು. ನಿಮ್ಮಲ್ಲಿ ಬೇರೆ ಹೆಸರಿತ್ತೇನೋ. ಚಳಿಗಾಲಕ್ಕೆ ಹಿಂಡು ಬಂದಿಳಿದು ಮೇಯ್ದ ಜಾಗದ ಸುತ್ತ ಕೋಲು ನೆಡುತ್ತಿದ್ದೆವು. ಆ ಕೋಲುಗಳ ನಡುವೆ ಮಾತ್ರ ಬಳಚು ತೆಗೆಯಬೇಕೆಂಬುದು ನಮ್ಮ ಕಟ್ಟಳೆ. ಹಿಂಡು ಬಿಟ್ಟ ಜಾಗವನ್ನು ನಾವೂ ಬಿಡುತ್ತಿದ್ದೆವು.

ಆಮೇಲೆ ಹಿಂಡು ಬರುವುದು ನಿಂತಿತು. ದಾರಿಯಲ್ಲಿ ಅವು ಇಳಿದು ದಣಿವಾರಿಸಿಕೊಳ್ಳುತ್ತಿದ್ದ ಕೆಸರುಗಳನ್ನು ಒಂದೊಂದಾಗಿ ಮಣ್ಣು ಸುರಿದು ಮುಚ್ಚುತ್ತ ಬಂದದ್ದರಿಂದ ಕೊನೆಗೆ ಒಂದೂ ಉಳಿಯಲಿಲ್ಲ. ಮುಚ್ಚಲು ಶುರು ಮಾಡಿದವರು ನೀವು. ಹಳೆಯ ಕೋಲುಗಳ ನಡುವಿನ ಬಳಚು ಮುಗಿಯಿತು. ಮಕ್ಕಳು ಹಸಿವಿಗೆ ಅಳುವುದನ್ನೂ ಬಿಟ್ಟಿದ್ದ ವರ್ಷ, ಬಿರುಗಾಳಿಯ ಮರುದಿನ, ನಾವು ಎಂದೂ ಕಾಲಿಡದ ತೆಂಕಣ ಕೆಸರಿನಲ್ಲಿ ಒಂದೇ ಒಂದು ಅಂಚುಗಾಲಿ ಕಾಣಿಸಿತು. ಊರಿಗೆ ಊರೇ ದಂಡೆಗೆ ಬಂತು. ಹಕ್ಕಿ ತಲೆಯೆತ್ತದೆ ತಿನ್ನುತ್ತಿತ್ತು. ನನ್ನ ಮಗ ಬೊಮ್ಮಯ್ಯ ಕೋಲು ಹಿಡಿದು ಹೊರಟ. "ಹಕ್ಕಿ ತಿಂದ್ ಮೇಲೆ ನಮಗೆಂತ ಹೆದ್ರಿಕೆ, ಅಬ್ಬೆ?" ಎಂದು ನಗುತ್ತ ಇಳಿದ. ಅವನು ನಕ್ಕದ್ದನ್ನು ನೋಡಿ ಎಷ್ಟೋ ಕಾಲವಾಗಿತ್ತು.

ಹಿಂಡಿನ ಹಕ್ಕಿಗೆ ಜಾಗ ಗೊತ್ತಿರುತ್ತದೆ. ಹಿರಿಯವು ಕಿರಿಯವಕ್ಕೆ ತೋರಿಸಿಕೊಟ್ಟಿರುತ್ತವೆ. ಇದು ಗಾಳಿಗೆ ಸಿಕ್ಕಿ, ದಾರಿ ತಪ್ಪಿ, ಎಲ್ಲಿಂದಲೋ ಬಂದದ್ದು. ನಮ್ಮ ಹೊಳೆಯ ಗುಣ ಅದಕ್ಕೇನು ಗೊತ್ತು? ಹಸಿದಿತ್ತು, ಸಿಕ್ಕಿದ್ದನ್ನು ತಿಂದಿತು. ನಾವು ಅದರ ಹಸಿವನ್ನೇ ಒಪ್ಪಿಗೆ ಎಂದುಕೊಂಡೆವು. ಮರುದಿನ ಹಕ್ಕಿ ಕೆಸರಿನ ಮೇಲೆ ಸತ್ತುಬಿದ್ದಿತ್ತು. ಬೊಮ್ಮಯ್ಯ, ಅವನ ಹೆಂಡತಿ, ಅವರೊಂದಿಗೆ ಹೊಟ್ಟೆತುಂಬ ಉಂಡ ನೆರೆಯವರು, ಒಬ್ಬರ ಹಿಂದೊಬ್ಬರು ಹೋದರು. ಅವರು ಉಣ್ಣುವಾಗ ಮೊಮ್ಮಗಳು ಗಣಪಿ ಜ್ವರ ಬಂದು ಮಲಗಿದ್ದಳು, ನಾನು ಅವಳ ಪಕ್ಕ ಕೂತಿದ್ದೆ. ನಮ್ಮ ಮನೆಯಲ್ಲಿ ಉಣ್ಣದ ನಾವಿಬ್ಬರು ಉಳಿದೆವು.

ಈಗ ಕಟ್ಟಳೆ ಬೇರೆ. ಹೊಸ ಕೆಸರಿನ ಮೊದಲ ಬಳಚನ್ನು ಊರಿನ ಅತ್ಯಂತ ಹಿರಿಯರು ತಿನ್ನಬೇಕು. ಮರುದಿನ ಅವರು ಎದ್ದು ಓಡಾಡುತ್ತಿದ್ದರೆ ಮಕ್ಕಳಿಗೆ ಬಡಿಸುತ್ತಾರೆ. ಇದನ್ನು ನಾವು ಹಕ್ಕಿಯಾಗುವುದು ಎನ್ನುತ್ತೇವೆ.

ನಿಮ್ಮ ಹೊಳೆಬಾಯಿಯಲ್ಲಿ ಹಿಂಡು ಇನ್ನೂ ಇಳಿಯುತ್ತಿದ್ದರೆ, ಆ ಕೆಸರನ್ನು ಪಾಳು ಜಾಗ ಎನ್ನಬೇಡಿ, ಅದರ ಮೇಲೆ ಮಣ್ಣು ಸುರಿಯಬೇಡಿ. ನಿಮ್ಮ ಮೇಲೆ ನನಗೆ ಸಿಟ್ಟಿದೆ. ಆದರೂ ಬೇರೆ ಯಾರನ್ನು ಕೇಳಲಿ?

ಊರಲ್ಲಿ ನನಗಿಂತ ಹಿರಿಯರು ಯಾರೂ ಉಳಿದಿಲ್ಲ. ನಾಳೆ ನೀರು ಇಳಿದಾಗ ನಾನು ಹೊಳೆಗೆ ಹೋಗುತ್ತೇನೆ. ಗಣಪಿಗೆ ಹಸಿವಾಗಿದೆ.