ಮೂಲವ್ಯಾಧಿಯಲ್ಲ, ಮಗಳೇ

ಭಾನುವಾರ, ಬೆಳಿಗ್ಗೆ

ನನ್ನ ಪುಟ್ಟಿ,

ತುಂಬು ಬಸುರಿಗೆ ಹೇಳುವ ಸುದ್ದಿಯಲ್ಲವೆಂದು ಬಾಯಿ ಮುಚ್ಚಿಕೊಂಡಿದ್ದೆ. ಆದರೆ ನಿಮ್ಮಪ್ಪನ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದೆಯೇ! ನೀನು ಫೋನಿನಲ್ಲಿ ಅಳುತ್ತಾ, "ಅಮ್ಮಾ, ಇದು ನಮ್ಮ ರಕ್ತದಲ್ಲೇ ಇದ್ಯಾ? ನನ್ನ ಮಗೂಗೂ ಬರುತ್ತಾ?" ಎಂದಾಗ ಅವರು ಪಕ್ಕದಲ್ಲೇ ಇದ್ದರು. ಅದಕ್ಕೇ ಮಾತು ತೇಲಿಸಿದೆ. ಕಾಗದಕ್ಕೆ ಸಂಕೋಚವಿಲ್ಲ.

ಮೊದಲು ಉತ್ತರ: ಇಲ್ಲ. ಇದು ನನ್ನಿಂದ ನಿನಗೆ, ನಿನ್ನಿಂದ ಮಗುವಿಗೆ ಹರಿದುಬರುವಂಥದ್ದಲ್ಲ.

ಬಹಳ ದಿನದಿಂದ ಶೌಚಕ್ಕೆ ಹೋದಾಗ ರಕ್ತ ಹೋಗುತ್ತಿತ್ತು. ಹೊತ್ತು ಹುಟ್ಟಿದಾಗಿನಿಂದ ಬಸ್ಸಿನ ಡ್ರೈವರ್ ಸೀಟಿನಲ್ಲಿ ಕೂರುವವಳಿಗೆ ಮೂಲವ್ಯಾಧಿಯಲ್ಲದೆ ಇನ್ನೇನು ಬಂದೀತು ಎಂದುಕೊಂಡು, ದಿಂಬು ಹಾಕಿಕೊಂಡು ಓಡಿಸಿದೆ. "ಮಹಾರಾಣಿ ಸಿಂಹಾಸನ ಏರಿದ್ರು" ಎಂದು ಡಿಪೋದವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಗಂಟೊಂದು ಕೈಗೆ ಸಿಕ್ಕ ದಿನ ನಗು ನಿಂತಿತು. ತುಣುಕು ತೆಗೆದು ಪರೀಕ್ಷೆ ಮಾಡಿದರು. ಗುದದ್ವಾರದ ಕ್ಯಾನ್ಸರ್. ನೋಡು, ಬರೆದೇಬಿಟ್ಟೆ.

ಡಾಕ್ಟರಮ್ಮ ಎಳೆಎಳೆಯಾಗಿ ಬಿಡಿಸಿ ಹೇಳಿದರು. ಎಚ್‌ಪಿವಿ ಎಂಬ ವೈರಸ್ಸು, ಹಾಸಿಗೆ ಹಂಚಿಕೊಂಡಾಗ ಒಬ್ಬರಿಂದ ಒಬ್ಬರಿಗೆ ಹರಡುವಂಥದ್ದು. ಸಂಸಾರ ಮಾಡಿದವರಲ್ಲಿ ಬಹುಪಾಲು ಮಂದಿಗೆ ಎಂದಾದರೂ ತಗಲುತ್ತದೆ, ಸಾಮಾನ್ಯವಾಗಿ ತಾನೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದು, ಜೀವಕೋಶದೊಳಗೆ ತನ್ನ ಎರಡು ಪ್ರೋಟೀನು ತಯಾರಿಸುತ್ತದೆ. ಕೆಟ್ಟ ಕೋಶವನ್ನು ತಡೆದು ನಿಲ್ಲಿಸಲು ನಮ್ಮೊಳಗೇ ಒಂದು ಕಾವಲು ಪ್ರೋಟೀನು ಇದೆಯಂತೆ. ವೈರಸ್ಸಿನ ಒಂದು ಪ್ರೋಟೀನು ಅದನ್ನೇ ಮುಗಿಸುತ್ತದೆ. ಇನ್ನೊಂದು, ಕೋಶ ಬೇಕಾಬಿಟ್ಟಿ ಬೆಳೆಯದಂತೆ ಹಿಡಿದ ಬ್ರೇಕನ್ನು ಕೆಡಿಸುತ್ತದೆ. ಬ್ರೇಕಿನ ವಿಷಯ ನನಗೆ ಎರಡು ಸಲ ಹೇಳಬೇಕೆ! ಆಮೇಲೆ ವರ್ಷಗಟ್ಟಲೆ ಜೀನುಗಳಲ್ಲಿ ತಪ್ಪಿನ ಮೇಲೆ ತಪ್ಪು. ಆದರೆ ಆ ತಪ್ಪೆಲ್ಲ ಗಂಟಿನ ಕೋಶಗಳಲ್ಲಿ ಮಾತ್ರ, ನಿನಗೆ ನಾನು ಕೊಟ್ಟ ಜೀನುಗಳಲ್ಲಲ್ಲ. ನನ್ನ ಮೂಗು, ನನ್ನ ಹಟ, ನಿನ್ನ ಪಾಲಿಗೆ ಬಂದದ್ದು ಅಷ್ಟೇ.

ನಿಮ್ಮಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಯಾರಿಂದ ಬಂತು?"

"ಇದು ಎಷ್ಟೋ ವರ್ಷ ಸದ್ದಿಲ್ದೆ ಇರಬಹುದು. ಯಾರಿಂದ ಅಂತ ಯಾರೂ ಹೇಳೋಕಾಗಲ್ಲ. ಈಗ ಇವರ ಜೊತೆ ಯಾರಿರ್ತೀರಿ, ಅದು ಹೇಳಿ" ಎಂದರು ಡಾಕ್ಟರಮ್ಮ.

ಮನೆಗೆ ಬಂದರೂ ಅಪ್ಪನ ಮುಖದ ಬಿಗಿ ಸಡಿಲಲಿಲ್ಲ. ಕೊನೆಗೆ ನಾನೇ ಎದುರು ಕೂತು, "ರೀ, ನಾನು ನಿಮ್ಮನ್ನ ಕೇಳಿಲ್ಲ. ನೀವೂ ನನ್ನ ಕೇಳಬೇಡಿ" ಎಂದೆ. ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ, ನೋವು ಇಳಿಯಲೆಂದು ನಾನು ಕೂರುವ ಟಬ್ಬಿಗೆ ಬಿಸಿನೀರು ಬೆರೆಸುತ್ತಿದ್ದರು. ನೀನು ಎಳೆಗೂಸಾಗಿದ್ದಾಗ ಮಾಡುತ್ತಿದ್ದಂತೆ, ಮೊಣಕೈ ಅದ್ದಿ ಹದ ನೋಡಿ.

ಆಪರೇಷನ್ ಬೇಕಾಗಲಿಲ್ಲ. ವಿಕಿರಣ, ಜೊತೆಗೆ ಔಷಧಿ. ಚರ್ಮ ಸುಟ್ಟಿತು; ಶೌಚದ ಮನೆಯಲ್ಲಿ ಕಿರುಚಿದ್ದೂ ಉಂಟು. ಮೊನ್ನೆ ಡಾಕ್ಟರಮ್ಮ ಪರೀಕ್ಷೆ ಮಾಡಿ, ಗಂಟು ಪೂರ್ತಿ ಕರಗಿದೆ ಎಂದರು. ಆಗಾಗ ತೋರಿಸಿಕೊಳ್ಳುತ್ತಿರಬೇಕು, ಅಷ್ಟೇ. ನಿನ್ನ ಹೆರಿಗೆಗೆ ಬಂದೇ ಬರುತ್ತೇನೆ. ಮಗು ಗಂಡಾಗಲಿ ಹೆಣ್ಣಾಗಲಿ, ವಯಸ್ಸು ಬಂದಾಗ ಈ ವೈರಸ್ಸಿನ ಲಸಿಕೆ ಹಾಕಿಸುವುದನ್ನು ಮರೆಯಬೇಡ.

ಕಲ್ಲುಗುಂಡಿನಂತೆ ಗಟ್ಟಿಯಾಗಿರುವ,
ನಿನ್ನ ಅಮ್ಮ

ತಾ.ಕ.: ನಿನ್ನ ಸೋದರತ್ತೆ ನೋಡಲು ಬಂದಿದ್ದರು. "ಏನಾಗಿತ್ತು ಅತ್ತಿಗೆ?" ಎಂದರು. ಏನೋ ಒಂದು ಹೇಳಿ ಸಾಗಹಾಕಬಹುದಿತ್ತು. ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದು, "ನನಗೂ ಹಾಗೇ ರಕ್ತ ಹೋಗ್ತಿದೆ. ಯಾರಿಗೂ ಹೇಳಿಲ್ಲ" ಎಂದರು. ನಾಳೆ ನಾನೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ.