ಒಂದೇ ಬೆಂಚಿನ ಅಪ್ಪ ಮಗಳು

ಮಾರ್ಚ್ ೧೧. ಪಾಠ ಈಗಷ್ಟೇ ಮುಗಿದಿದೆ, ತರಗತಿಯಲ್ಲೇ ಕೂತು ಬರೆಯುತ್ತಿದ್ದೇನೆ.

ಅಕ್ಕಾ,

ಈ ದೇಶಕ್ಕೆ ಬಂದ ಮೂರನೇ ವಾರಕ್ಕೆ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿತು. ಲಿಫ್ಟ್ ರಿಪೇರಿ ಮಾಡುವವನೊಬ್ಬ ಹದಿನಾರರ ಮಗಳ ಪಕ್ಕದಲ್ಲೇ ಕೂತು ಕಲಿಯುತ್ತಾನೆ. ಪರೀಕ್ಷೆಗೆ ಮೊದಲು ನನ್ನ ಬಳಿ ಬಂದು, "ಅವಳಿಗಿಂತ ಕಡಿಮೆ ಬಂದ್ರೆ ಮನೇಲಿ ನನ್ನ ಮಾತು ಯಾರು ಕೇಳ್ತಾರೆ ಟೀಚರ್?" ಎಂದ. ಅಪ್ಪನ ಮೀಸೆ ಮಣ್ಣಾಗದಿರಲೆಂದು ಮಗಳು ಬೇಕೆಂದೇ ಅರ್ಧಕ್ಕರ್ಧ ತಪ್ಪು ಬರೆದಳು. ಆ ಪುಣ್ಯಾತ್ಮ ಅದಕ್ಕಿಂತಲೂ ಕಡಿಮೆ ತೆಗೆದ. "ಇದಕ್ಕಿಂತ ದಡ್ಡಿ ಆಗೋಕೆ ನನ್ನಿಂದಾಗಲ್ಲ ಟೀಚರ್," ಎಂದಳು ಹುಡುಗಿ.

ಕೂಗಿ ಕೂಗಿ ಗಂಟಲು ಕಟ್ಟಿದೆ, ಜ್ವರವೇನಿಲ್ಲ.

ನಾಳೆ ಅವಳನ್ನು ಮೇಲಿನ ತರಗತಿಗೆ ಕಳಿಸುವುದು ನಿಶ್ಚಯ. ಅಪ್ಪನಿಗೆ ಹೇಳುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.

ನಿನ್ನ ತಂಗಿ