ಎರಡು ಬೀದಿಯ ಚೀಲ

ಮಾರ್ಚ್ ೧೨, ಗುರುವಾರ

ಇವತ್ತಿನ ಸಭೆಯಲ್ಲಿ ನಗರಸಭೆ ಅಧ್ಯಕ್ಷರು ನನ್ನ ಕೈಯಿಂದ ಮೈಕ್ ಕಿತ್ತುಕೊಂಡರು.

‘ವೃತ್ತಾಕಾರದ ಆರ್ಥಿಕತೆ’ ಎಂಬ ವಿಷಯದ ಮೇಲೆ ಸಾರ್ವಜನಿಕ ಸಭೆ. ಎಸೆದದ್ದೆಲ್ಲ ಮತ್ತೆ ಬಳಕೆಗೆ ಬರಬೇಕಂತೆ. ಕಸ ವಿಂಗಡಿಸುವವಳೂ ಒಬ್ಬಳಿರಲಿ ಎಂದು ನನ್ನನ್ನು ವೇದಿಕೆಗೆ ಕರೆದಿದ್ದರು. “ಯಾವುದೂ ಕಸವಲ್ಲ, ಎಲ್ಲಕ್ಕೂ ಇನ್ನೊಂದು ಜನ್ಮ ಇದೆ” ಎಂದು ಅಧ್ಯಕ್ಷರು ಹೇಳಿದಾಗ ಚಪ್ಪಾಳೆಯೋ ಚಪ್ಪಾಳೆ. ನನಗೂ ಓದಲು ಚೀಟಿ ಬರೆದುಕೊಟ್ಟಿದ್ದರು. ಓದಲಿಲ್ಲ.

“ಬೀದಿಬೀದಿ ಚೀಲ ಬಿಚ್ಚೋಳು ನಾನು. ದೊಡ್ಡ ಮನೆಗಳಿರೋ ಮೇಲಿನ ಬೀದೀಲೂ ನಮ್ಮ ಬೀದೀಲೂ ಅದೇ ನಶೆ ಮಾತ್ರೆ, ಖಾಲಿ ಸ್ಟ್ರಿಪ್ ಎರಡು ಕಡೇನೂ ಸಮಸಮ ಸಿಗುತ್ತೆ. ಅವರ ಮಕ್ಕಳು ಆಸ್ಪತ್ರೆಗೆ ಹೋಗಿ ವಾಪಸ್ ಬರ್ತಾರೆ. ನಮ್ಮಲ್ಲಿ ಈ ವರ್ಷ ನಾಲ್ಕು ಹೆಣ ಎತ್ತಿದ್ವಿ, ಒಂದು ನನ್ನ ತಮ್ಮಂದು. ಬಾಟಲಿಗಿರೋ ಇನ್ನೊಂದು ಜನ್ಮ ಅವನಿಗೆ ಯಾಕಿಲ್ಲ ಸ್ವಾಮಿ?”

“ಅದು ಇವತ್ತಿನ ವಿಷಯ ಅಲ್ಲಮ್ಮ. ಸುಮ್ಮನೆ ಹೇಳಿದ್ರಾಯ್ತಾ, ಸಾಕ್ಷಿ ಎಲ್ಲಿದೆ?” ಎಂದರು. ಮೈಕ್ ಹೋಯಿತು.

ಸಾಕ್ಷಿ! ಪ್ಲಾಸ್ಟಿಕ್ಕಿಗೆ ತಗಡು ಅಂಟಿದ ಆ ಸ್ಟ್ರಿಪ್‌ಗಳನ್ನು ಗುಜರಿಯವರೂ ಮುಟ್ಟುವುದಿಲ್ಲ. ಇಷ್ಟು ವರ್ಷ ನಾನೇ ಕೈಯಾರೆ ಬೆಂಕಿಗೆ ಹಾಕಿದ್ದೇನೆ.

“ಅನ್ನಕ್ಕೆ ಕಲ್ಲು ಹಾಕ್ಕೋಬೇಡ ಕಣೇ” ಎಂದು ಅಮ್ಮ ಈಗಲೂ ಗೊಣಗುತ್ತಿದ್ದಾಳೆ. ಸತ್ತ ತಮ್ಮನ ಅಂಗಿ ಮಡಚುತ್ತಾ ಹಾಗೆನ್ನುತ್ತಾಳಲ್ಲ!

ನಾಳೆಯಿಂದ ಒಂದು ಸ್ಟ್ರಿಪ್ಪನ್ನೂ ಸುಡುವುದಿಲ್ಲ. ಮೇಲಿನ ಬೀದಿಗೊಂದು ಚೀಲ, ನಮ್ಮ ಬೀದಿಗೊಂದು. ಮುಂದಿನ ಸಭೆಗೆ ಕರೆಯದಿದ್ದರೂ ಹೋಗುತ್ತೇನೆ. ಮೈಕ್ ಅವರೇ ಇಟ್ಟುಕೊಳ್ಳಲಿ. ಎರಡೂ ಚೀಲ ಸಮ ತುಂಬಿರುವುದನ್ನು ತೋರಿಸಿ, ಅವರ ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಒಟ್ಟಿಗೆ ಸುರಿಯುತ್ತೇನೆ. ಎಲ್ಲ ಒಂದೇ ಥರದ ಆ ಸ್ಟ್ರಿಪ್‌ಗಳಲ್ಲಿ ಯಾವುದು ಯಾರ ಮನೆಯದೆಂದು ಅವರೇ ವಿಂಗಡಿಸಲಿ.